ಮೂಳೆ ಕ್ಯಾನ್ಸರಿಗೆ ಕಸುವಿನ ಔಷಧ ಸಾಲದು

ಬೆಳೆಯುವ ಹುಡುಗನ ಮೊಣಕಾಲಿನ ಹತ್ತಿರ ಬಾವು ಬಂದು, ಅದು ಮೂಳೆ ಕ್ಯಾನ್ಸರ್ ಎಂದು ಗೊತ್ತಾದರೆ, ಉಳಿದೆಡೆಯಂತೆ ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಮನೆಗಳಲ್ಲೂ ಒಂದು ಮಾತು ಬೇಗ ಹುಟ್ಟುತ್ತದೆ: ಮೈಯಲ್ಲಿ ಕಸುವಿಲ್ಲ, ರೋಗನಿರೋಧಕ ಶಕ್ತಿ ಹೆಚ್ಚಿಸಿದರೆ ಗಡ್ಡೆ ತಾನೇ ಕರಗುತ್ತದೆ. ಈ ನಂಬಿಕೆಯ ಬುಡವೇ ತಪ್ಪು. ಆಸ್ಟಿಯೋಸಾರ್ಕೋಮಾ ಎಂಬ ಈ ಮೂಳೆ ಕ್ಯಾನ್ಸರ್ ಹೆಚ್ಚಾಗಿ ಕಾಣುವುದು ಮೂಳೆ ಭರದಿಂದ ಬೆಳೆಯುವ ಹದಿಹರೆಯದಲ್ಲಿ. ಅಲ್ಲಿಯವರೆಗೆ ಗಟ್ಟಿಮುಟ್ಟಾಗಿದ್ದ ಮಕ್ಕಳಿಗೂ ಬರುತ್ತದೆ. ನಮ್ಮ ಎಲ್ಲ ಜೀವಕೋಶಗಳಲ್ಲಿ ಇರುವುದು ಬಹುಪಾಲು ಒಂದೇ ಜೀನ್‌ಗಳು. ಯಾವುದು ಯಾವಾಗ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬ ನಿಯಂತ್ರಣದಿಂದಲೇ ಮೂಳೆ ಮೂಳೆಯಾಗಿದೆ. ಈ ಕ್ಯಾನ್ಸರಿನಲ್ಲಿ ಟಿಪಿ53, ಆರ್‌ಬಿ1ರಂಥ ಕಾವಲು ಜೀನ್‌ಗಳು ಅನೇಕ ಸಲ ಕೆಟ್ಟಿರುತ್ತವೆ. ಜೊತೆಗೆ, ಜೀವಕೋಶದ ಮೈಮೇಲೆ ಗುರುತಿನ ಚೀಟಿಯಂತಿರುವ ಪ್ರೋಟೀನುಗಳ ಜೀನ್‌ಗಳನ್ನೇ ಎಷ್ಟೋ ಗಡ್ಡೆಗಳು ತಗ್ಗಿಸಿಬಿಡುತ್ತವೆ. ಆಗ ರೋಗನಿರೋಧಕ ಪಡೆಯ ಟಿ-ಕೋಶ ಎಷ್ಟೇ ಬಲವಾಗಿದ್ದರೂ ಶತ್ರುವನ್ನು ಗುರುತಿಸಲಾರದು. ಗಡ್ಡೆಯೊಳಗೆ ಸೇರಿಕೊಂಡ ರಕ್ಷಕ ಕೋಶಗಳಾದ ಮ್ಯಾಕ್ರೋಫೇಜ್‌ಗಳಲ್ಲಿ ಕೆಲವು ಅದರ ಬೆಳವಣಿಗೆಗೇ ನೆರವಾಗುವುದೂ ಉಂಟು. ಕೊರತೆ ಇರುವುದು ಶಕ್ತಿಯದ್ದಲ್ಲ, ಗುರುತಿನದ್ದು.

ಹಾಗಿದ್ದರೆ ರೋಗನಿರೋಧಕ ವ್ಯವಸ್ಥೆಯನ್ನೇ ಬಳಸುವ ಇಮ್ಯುನೋಥೆರಪಿ ಏಕಿದೆ ಎಂದು ಕೇಳುವುದು ನ್ಯಾಯವೇ. ಆ ಆಸೆಯ ಮೊದಲ ಹೆಜ್ಜೆಗಳಲ್ಲೊಂದು ಮೂಳೆ ಕ್ಯಾನ್ಸರಿನಿಂದಲೇ ಶುರುವಾಯಿತು: ನ್ಯೂಯಾರ್ಕಿನ ವೈದ್ಯ ವಿಲಿಯಂ ಕೋಲಿ, ಮೂಳೆಯ ಸಾರ್ಕೋಮಾದಿಂದ ಎಳೆಯ ರೋಗಿಯೊಬ್ಬಳನ್ನು ಕಳೆದುಕೊಂಡ ಮೇಲೆ, 1891ರಲ್ಲಿ ಸಾರ್ಕೋಮಾ ರೋಗಿಗಳಿಗೆ ಬ್ಯಾಕ್ಟೀರಿಯಾ ಚುಚ್ಚಿ ನೋಡಿದರು. ಕೆಲವರ ಗಡ್ಡೆ ಕುಗ್ಗಿತು, ಆದರೆ ಫಲ ಎಲ್ಲರಲ್ಲೂ ನಿಲ್ಲಲಿಲ್ಲ. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ ಪಡೆದ 22 ಆಸ್ಟಿಯೋಸಾರ್ಕೋಮಾ ರೋಗಿಗಳಲ್ಲಿ ಒಬ್ಬರಿಗೆ ಮಾತ್ರ ಗಡ್ಡೆ ಗಣನೀಯವಾಗಿ ಕುಗ್ಗಿತು. ಇಷ್ಟು ನಿಖರವಾದ ಮದ್ದೇ ಸೋಲುವಲ್ಲಿ ಟಾನಿಕ್ಕು, ಕಷಾಯಗಳಿಂದ ಗಡ್ಡೆ ಕರಗೀತೆಂದು ನಂಬಲು ಆಧಾರವಿಲ್ಲ. ಪೌಷ್ಟಿಕ ಊಟ ಬೇಡವೆಂದಲ್ಲ, ಕಿಮೋಥೆರಪಿ ತಾಳಿಕೊಳ್ಳಲು ಅದು ಬೇಕೇ ಬೇಕು.

ಜೀನ್ ಎಂದೊಡನೆ ವಂಶದ ಕಳಂಕವೆಂದು ಮುಚ್ಚಿಡುವುದೂ ತಪ್ಪು. ಬಹುಪಾಲು ಮಕ್ಕಳಲ್ಲಿ ಜೀನ್‌ಗಳ ಈ ಬದಲಾವಣೆ ಹುಟ್ಟಿದ ಮೇಲೆ ಆದದ್ದು, ಲಿ-ಫ್ರಾಮೆನಿ ಸಿಂಡ್ರೋಮಿನಂಥ ಆನುವಂಶಿಕ ಕಾರಣ ಕೆಲವರಿಗಷ್ಟೇ. ಬಯಾಪ್ಸಿ (ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವುದು) ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಇನ್ನೂ ಹೆಚ್ಚು ಹಾನಿ ಮಾಡುತ್ತದೆ. ಶಸ್ತ್ರಚಿಕಿತ್ಸೆ ಮಾಡುವ ತಂಡವೇ ಯೋಜಿಸಿ ಸೂಜಿ ಹಾಕಿದರೆ ಅದು ಹೋದ ದಾರಿಯನ್ನೂ ಗಡ್ಡೆಯ ಜೊತೆಗೇ ತೆಗೆಯಬಹುದು. ಹಿಂದೆ ಬರೀ ಕಾಲು ಕತ್ತರಿಸುತ್ತಿದ್ದಾಗ ಹೆಚ್ಚಿನವರು ಉಳಿಯುತ್ತಿರಲಿಲ್ಲ. ಈಗ ಹರಡುವ ಮೊದಲೇ ಬಂದು, ಕಿಮೋಥೆರಪಿ ಮತ್ತು ಶಸ್ತ್ರಚಿಕಿತ್ಸೆ ಎರಡನ್ನೂ ಪೂರ್ತಿ ಪಡೆದವರಲ್ಲಿ ಸುಮಾರು ಮೂರರಲ್ಲಿ ಇಬ್ಬರು ಉಳಿಯುತ್ತಾರೆ, ಅನೇಕರ ಕಾಲೂ ಉಳಿಯುತ್ತದೆ.  ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲೇ ಕ್ಯಾನ್ಸರ್ ಆಸ್ಪತ್ರೆಯಿದೆ. ರಾತ್ರಿ ನಿದ್ದೆಗೆಡಿಸುವ ನೋವು, ವಾರ ಕಳೆದರೂ ಇಳಿಯದ ಬಾವು ಇದ್ದರೆ ಮಾಲೀಶು ನಿಲ್ಲಿಸಿ ಮೊದಲು ಎಕ್ಸ್‌ರೇ ತೆಗೆಸಬೇಕು.