ಉಸಿರು ನುಡಿಯುವ ಸಾಕ್ಷಿ

ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಪಾತ್ರೆಯ ಅಂಚನ್ನು ಮುಟ್ಟುವುದನ್ನು ನಮ್ಮ ಗೃಹಿಣಿಯರೆಲ್ಲರೂ ಬಲ್ಲರು. ಹಿಟ್ಟಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಹೊರಗೆಡಹುವ ವಾಯುವೇ ಇದಕ್ಕೆ ಕಾರಣವು. ಜೀವಿಯು ಕಣ್ಣಿಗೆ ಬೀಳದಿದ್ದರೂ ಅದು ಬಿಟ್ಟ ವಾಯುವಿನಿಂದ ಅದರ ಇರವನ್ನು ನಾವು ಅರಿಯಬಹುದಷ್ಟೆ. ಈ ತತ್ತ್ವವನ್ನೇ ಹಿಡಿದು ವೈದ್ಯರು ಜಠರದಲ್ಲಿ ಅಡಗಿರುವ ಒಬ್ಬ ಶತ್ರುವನ್ನು ಪತ್ತೆಹಚ್ಚುತ್ತಿರುವರು.

ಹೊಟ್ಟೆಹುಣ್ಣಿಗೆ ಚಿಂತೆಯೂ ಖಾರದ ಊಟವೂ ಮೂಲವೆಂದು ಬಹುಕಾಲ ನಂಬಲಾಗಿದ್ದಿತು. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಎಂಬ ವೈದ್ಯರು 1982ರಲ್ಲಿ ರೋಗಿಗಳ ಜಠರದಿಂದ ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯವನ್ನು ತೆಗೆದು ಬೆಳೆಯಿಸಿದರು. ಇದೇ ಹುಣ್ಣಿಗೆ ಕಾರಣವೆಂದರೆ ಅನೇಕ ಪಂಡಿತರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲರು ಆ ಬ್ಯಾಕ್ಟೀರಿಯ ತುಂಬಿದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ಗುರಿಯಾದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನವು ಸಂದಿತು.

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಈ ಜೀವಿಯು ಜಠರದ ತೀಕ್ಷ್ಣವಾದ ಆಮ್ಲದಲ್ಲಿ ಬದುಕುವುದು ಹೇಗೆ? ಅದು ಯೂರಿಯಾ ಎಂಬ ವಸ್ತುವನ್ನು ಅಮೋನಿಯ, ಇಂಗಾಲಾಮ್ಲವಾಯು ಎಂದು ಎರಡಾಗಿ ಒಡೆಯುವುದು. ಅಮೋನಿಯವು ಸುತ್ತಲಿನ ಆಮ್ಲವನ್ನು ತಗ್ಗಿಸಿ ಅದಕ್ಕೆ ಕವಚವಾಗುವುದು. ಇಂಗಾಲಾಮ್ಲವಾಯುವಾದರೋ ಅದರ ಗುಟ್ಟನ್ನು ಹೊರಗೆಡಹುವುದು. ಯೂರಿಯಾವನ್ನು ಹೀಗೆ ಒಡೆಯುವ ಶಕ್ತಿಯು ನಮ್ಮ ದೇಹದ ಕಣಗಳಿಗಿಲ್ಲ.

ಪರೀಕ್ಷೆಯ ಕ್ರಮವು ಸರಳವಾದುದು. ಬರಿಹೊಟ್ಟೆಯಲ್ಲಿ ಬಂದವರ ಉಸಿರನ್ನು ಮೊದಲೊಮ್ಮೆ ಚೀಲದಲ್ಲಿ ಹಿಡಿಯುವರು. ಬಳಿಕ ಯೂರಿಯಾ ಬೆರೆತ ನೀರನ್ನು ಕುಡಿಸಿ, ಸುಮಾರು ಅರ್ಧ ಗಂಟೆಯ ತರುವಾಯ ಮತ್ತೆ ಹಿಡಿಯುವರು. ಆ ಯೂರಿಯಾದಲ್ಲಿರುವ ಇಂಗಾಲವು ಸಾಮಾನ್ಯವಾದ 12ರ ತೂಕದ್ದಲ್ಲ, 13ರ ತೂಕದ್ದು. ನಿಸರ್ಗದ ಇಂಗಾಲದಲ್ಲಿ ನೂರಕ್ಕೆ ಒಂದರಷ್ಟು ಇದೇ ಇರುವುದರಿಂದ ಭಯಕ್ಕೆಡೆಯಿಲ್ಲ. ಎರಡನೆಯ ಉಸಿರಿನಲ್ಲಿ ಈ ತೂಕದ ಇಂಗಾಲವು ಹೆಚ್ಚಿದ್ದರೆ ಬ್ಯಾಕ್ಟೀರಿಯವು ಜಠರದಲ್ಲಿರುವುದೆಂದು ತಿಳಿಯತಕ್ಕದ್ದು.

ಈ ಜೀವಿಯನ್ನು ಉಪೇಕ್ಷಿಸಿದರೆ ಕೆಲವರಲ್ಲಿ ಜಠರದ ಕ್ಯಾನ್ಸರಿಗೂ ಹಾದಿಯಾಗುವುದು. ಕಂಡುಹಿಡಿದರೆ ಔಷಧದಿಂದ ನೀಗಬಹುದು. ಆದರೆ ಎಚ್ಚರವೊಂದುಂಟು. ಹಿಂದಿನ ನಾಲ್ಕು ವಾರಗಳಲ್ಲಿ ಆಂಟಿಬಯಾಟಿಕ್ ಮದ್ದನ್ನೋ, ಎರಡು ವಾರಗಳಲ್ಲಿ ಒಮೆಪ್ರಜೋಲ್‌ನಂತಹ ಆಮ್ಲ ತಗ್ಗಿಸುವ ಮಾತ್ರೆಯನ್ನೋ ಸೇವಿಸಿದ್ದರೆ ಜೀವಿಯು ಕುಗ್ಗಿದ್ದು, ಉಸಿರು ಸುಳ್ಳುಸಾಕ್ಷಿ ನುಡಿಯಬಹುದು. ವಾಚಕರು ಇದನ್ನು ಮುಂಚಿತವಾಗಿ ವೈದ್ಯರಿಗೆ ತಿಳಿಸಬೇಕು. ಅವರನ್ನು ಕೇಳದೆ ಯಾವ ಮದ್ದನ್ನೂ ನಿಲ್ಲಿಸಕೂಡದು. ರಕ್ತವಾಂತಿ, ಕಪ್ಪು ಮಲ, ಕಾರಣವಿಲ್ಲದೆ ಮೈ ಇಳಿಯುವುದು ಇವು ಕಂಡಲ್ಲಿ ಉಸಿರಿನ ಪರೀಕ್ಷೆಯೊಂದನ್ನೇ ನೆಚ್ಚಿ ಕುಳಿತಿರದೆ ಒಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದು.