ಗಾಡಿ ಓಡಿಸುವವರ ಕಣ್ಣು

ಎತ್ತು ಕೊಳ್ಳಲು ಹೋದರೆ ನಾವು ಏನೇನು ನೋಡುತ್ತೇವೆ? ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ಗೊರಸು ಎತ್ತಿ ನೋಡುತ್ತೇವೆ. ಕೊನೆಗೆ ಕಣ್ಣಿನ ಮುಂದೆ ಕೈ ಬೀಸಿ, ರೆಪ್ಪೆ ಬಡಿಯಿತೋ ಇಲ್ಲವೋ ಎಂದೂ ಪರೀಕ್ಷಿಸುತ್ತೇವೆ. ಹಳೇ ಟ್ರ್ಯಾಕ್ಟರು ಕೊಳ್ಳುವಾಗ ಟೈರು ಒದ್ದು, ಇಂಜಿನ್ನಿನ ಸದ್ದು ಕೇಳಿ, ಎಣ್ಣೆ ಸೋರಿದೆಯೇ ಎಂದು ಅಡಿಗೆ ಬಗ್ಗಿ ನೋಡುತ್ತೇವೆ. ಆದರೆ ಅದನ್ನು ಓಡಿಸುವವನ ಕಣ್ಣು ಹೇಗಿದೆ ಎಂದು ಕೇಳುವವರು ನಮ್ಮ ಕಡೆ ಬಹಳ ಕಡಿಮೆ.

ನಾನೂ ಕೇಳಿದವನಲ್ಲ. ಕೇಳುವ ಹಾಗೆ ಆದದ್ದು ನನ್ನ ಸೋದರಮಾವನಿಂದ. ಅವರದು ಸೊರಬದ ಹತ್ತಿರ ಭತ್ತದ ಗದ್ದೆ, ಒಂದಿಷ್ಟು ಅಡಿಕೆ ತೋಟ. ವಯಸ್ಸು 67. ಮೂವತ್ತು ವರ್ಷದಿಂದ ಬೈಕು ಓಡಿಸುತ್ತಿದ್ದರು, ಒಂದು ದಿನ ಬಿದ್ದವರಲ್ಲ. ಒಂದು ಸಂಜೆ ಶಿರಾಳಕೊಪ್ಪದಿಂದ ಅವರ ಹಿಂದೆ ಕೂತು ಬರುತ್ತಿದ್ದೆ. ಹೊತ್ತು ಮುಳುಗುವ ಸಮಯ. ರಸ್ತೆಯ ಅಂಚಿನಲ್ಲಿ ಹುಲ್ಲು ಹೇರಿದ ಟ್ರೈಲರೊಂದು ನಿಂತಿತ್ತು. ಹಿಂದೆ ದೀಪವಿಲ್ಲ, ಕೆಂಪು ಪಟ್ಟಿಯಿಲ್ಲ. ನನಗೆ ಅದು ಕಂಡು ಎಷ್ಟೋ ಹೊತ್ತಾಗಿತ್ತು. ಮಾವ ಮಾತ್ರ ವೇಗ ಇಳಿಸಲೇ ಇಲ್ಲ. ನಾನು ಬೆನ್ನಿಗೆ ಗುದ್ದಿ ಕೂಗಿದ ಮೇಲೆ ಪಕ್ಕಕ್ಕೆ ತಿರುಗಿಸಿದರು. ಇಬ್ಬರೂ ಚರಂಡಿಗೆ ಬಿದ್ದೆವು. ಮೊಣಕಾಲು ತರಚಿತು, ಅಷ್ಟೆ.

"ಆ ಪುಣ್ಯಾತ್ಮ ದೀಪ ಹಾಕ್ಬಾರ್ದಿತ್ತೇನೋ?" ಅಂದರು ಮಾವ.

"ಹಾಕ್ಬೇಕಿತ್ತು ಮಾವ. ಆದ್ರೆ ನಂಗೆ ಕಂಡಿತ್ತಲ್ಲ, ನಿಮಗ್ಯಾಕೆ ಕಾಣ್ಲಿಲ್ಲ?"

"ನಂಗೆ ಎಂಥಾ ಆಗಿಲ್ಲ ಮಾರಾಯ. ಬಿಸಿಲು ಕಣ್ಣಿಗೆ ಹೊಡೀತು."

ಬಿಸಿಲಿನ ಮಾತು ಸುಳ್ಳಲ್ಲ. ಶಿರಾಳಕೊಪ್ಪ ಇರುವುದು ಸೊರಬಕ್ಕೆ ಮೂಡಲ ದಿಕ್ಕಿಗೆ. ಬೆಳಿಗ್ಗೆ ಹೋಗುವಾಗಲೂ ಸೂರ್ಯ ಎದುರು, ಸಂಜೆ ಬರುವಾಗಲೂ ಎದುರು. ಆ ದಾರಿಯ ಜನರಿಗೆ ಇದು ದಿನದ ಕಷ್ಟ. ಆದರೆ ಅದೇ ಬಿಸಿಲು ನನ್ನ ಕಣ್ಣಿಗೂ ಹೊಡೆದಿತ್ತಲ್ಲ!

ಮಾರನೆಯ ದಿನ ಒಂದು ಉಪಾಯ ಮಾಡಿದೆ. ಇದು ನನ್ನದಲ್ಲ, ಕಾನೂನಿನದೇ. ಡ್ರೈವಿಂಗ್ ಲೈಸೆನ್ಸಿಗೆ ಅರ್ಜಿ ಹಾಕುವಾಗ ಫಾರಂ 1 ಎಂಬ ಕಾಗದಕ್ಕೆ ನಾವೆಲ್ಲ ರುಜು ಹಾಕುತ್ತೇವೆ, ಓದುವುದಿಲ್ಲ. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರು ಫಲಕ ಒಂದೊಂದು ಕಣ್ಣಿಗೂ ಕಾಣುತ್ತದೆಯೇ ಎಂಬ ಪ್ರಶ್ನೆ ಅದರಲ್ಲಿದೆ. ಕನ್ನಡಕ ಹಾಕುವವರು ಹಾಕಿಕೊಂಡೇ ನೋಡಬಹುದು. ಕೆಂಪು, ಹಸಿರು ಬಣ್ಣ ಬೇರೆಬೇರೆಯಾಗಿ ತಿಳಿಯುತ್ತದೆಯೇ, ಇರುಳುಗುರುಡು ಉಂಟೇ ಎಂದೂ ಕೇಳಿದ್ದಾರೆ. ಬ್ರಿಟನ್ನಿನಲ್ಲಂತೂ ಗಾಡಿ ಓಡಿಸುವ ಪರೀಕ್ಷೆಗೆ ಮೊದಲು 20 ಮೀಟರಿನಿಂದ ಫಲಕ ಓದಿಸಿಯೇ ಮುಂದಕ್ಕೆ ಬಿಡುತ್ತಾರೆ. ಓದಲಾರದವನು ಮನೆಗೆ ನಡೆಯಬೇಕು.

25 ಮೀಟರು ಎಂದರೆ ಎಷ್ಟು? ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆ ತೋಟವಾದರೆ, ಸಾಲಿನ ಒಂದನೆಯ ಮರದಿಂದ ಹತ್ತನೆಯ ಮರಕ್ಕೆ ಸುಮಾರು ಅಷ್ಟಾಗುತ್ತದೆ. ಅಂಗಳದಲ್ಲಿ ಟೇಪು ಹಿಡಿದು ಅಳೆದರೆ ಇನ್ನೂ ಸರಿ. ಫಲಕ ಮಾತ್ರ ಕಾರಿನದೇ ಆಗಬೇಕು. ಬೈಕಿನ ಫಲಕದ ಅಕ್ಷರ ಚಿಕ್ಕದು. ಮಾವನನ್ನು ಅಷ್ಟು ದೂರ ನಿಲ್ಲಿಸಿದೆ. ಎರಡೂ ಕಣ್ಣು ತೆರೆದು ಕೆಎ-15 ಎಂದು ಶುರುಮಾಡಿ ಕೊನೆಯ ಅಂಕಿವರೆಗೂ ಓದಿಬಿಟ್ಟರು. "ನೋಡ್ದೆಯೇನೋ?" ಎಂದು ನಕ್ಕರು. ಆಮೇಲೆ ಅಂಗೈಯಿಂದ ಎಡಗಣ್ಣು ಮುಚ್ಚಿಕೊಳ್ಳಿ ಅಂದೆ. ಮಾವ ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು, "ಬಿಳೀದೊಂದು ಹಲಗೆ ಕಾಣ್ತದೆ" ಅಂದರು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಒಳಗೆ ಹೋದರು.

ಬಲಗಣ್ಣಿನ ಲೋಪವನ್ನು ಎಡಗಣ್ಣು ಇಷ್ಟು ದಿನ ಮುಚ್ಚಿಕೊಂಡು ಬಂದಿತ್ತು. ಪೊರೆ ಬರುವುದೇ ಹೀಗೆ, ಮೆಲ್ಲಗೆ, ನೋವಿಲ್ಲದೆ. ಆದ್ದರಿಂದ ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು. ರೆಪ್ಪೆಯ ಮೇಲೆ ಒತ್ತಬೇಡಿ. ಒತ್ತಿದರೆ ತೆರೆದ ಮೇಲೆ ಆ ಕಣ್ಣು ತುಸು ಹೊತ್ತು ಮಸುಕಾಗುತ್ತದೆ.

ಈಗ ವೇಗದ ಲೆಕ್ಕ ನೋಡೋಣ. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಹದಿನಾರೂವರೆ ಮೀಟರಿಗಿಂತ ಹೆಚ್ಚು ಓಡುತ್ತದೆ. ಆ 25 ಮೀಟರು ಒಂದೂವರೆ ಸೆಕೆಂಡಿನಲ್ಲಿ ಮುಗಿದುಹೋಯಿತು. ಕಣ್ಣು ಕಂಡು, ಮನಸ್ಸಿಗೆ ತಿಳಿದು, ಕಾಲು ಬ್ರೇಕಿಗೆ ಹೋಗುವುದಕ್ಕೇ ಹೆಚ್ಚುಕಡಿಮೆ ಅಷ್ಟು ಹೊತ್ತು ಬೇಕು. ಬ್ರೇಕು ಹಿಡಿದ ಮೇಲೆ ನಿಲ್ಲಲು ಒಣ ರಸ್ತೆಯಲ್ಲಿ ಮತ್ತೆ ಇಪ್ಪತ್ತು-ಇಪ್ಪತ್ತೈದು ಮೀಟರು. ನಮ್ಮ ಮಳೆಗಾಲದ ರಸ್ತೆಯಲ್ಲಿ ಇನ್ನೂ ಹೆಚ್ಚು. 40ರ ವೇಗವಾದರೆ ಎಲ್ಲ ಸೇರಿ ಇಪ್ಪತ್ತೇಳು-ಇಪ್ಪತ್ತೆಂಟು ಮೀಟರಿನೊಳಗೆ ನಿಲ್ಲಬಹುದು. ರಾತ್ರಿ ದೀಪದ ಬೆಳಕು ಎಲ್ಲಿಯವರೆಗೆ ಬೀಳುತ್ತದೋ ಅಷ್ಟರೊಳಗೆ ನಿಲ್ಲುವಂತಿರಬೇಕು ಎನ್ನುವುದು ಇದಕ್ಕೇ.

ರಾತ್ರಿಯ ಕಣ್ಣಿನ ವಿಚಾರ ಇನ್ನೊಂದು ಬಗೆ. ನಡುಹಗಲಿನಲ್ಲಿ ಫಲಕ ಓದಿದವನು ಸಂಜೆಗೂ ಚೆನ್ನಾಗಿ ನೋಡುತ್ತಾನೆಂದು ಹೇಳಲಾಗದು. ಕಣ್ಣಿನ ಪಾಪೆ ಕತ್ತಲಲ್ಲಿ ಹಿಗ್ಗಿ ಹೆಚ್ಚು ಬೆಳಕನ್ನು ಒಳಗೆ ಬಿಡಬೇಕು. ವಯಸ್ಸಾದಂತೆ ಅದು ಹಿಗ್ಗುವುದು ಕಡಿಮೆ, ಒಳಗಿನ ಮಸೂರವೂ ಹಳದಿಗಟ್ಟುತ್ತದೆ. ಇಪ್ಪತ್ತರ ಹುಡುಗನ ಕಣ್ಣಿನೊಳಗೆ ಹೋಗುವ ಬೆಳಕಿನಲ್ಲಿ ಅರವತ್ತರವರಿಗೆ ಸಿಗುವುದು ಸುಮಾರು ಮೂರರಲ್ಲೊಂದು ಪಾಲು. ಪೊರೆ ಬಂದಿದ್ದರಂತೂ ಎದುರಿನ ಗಾಡಿಯ ದೀಪ ಕಣ್ಣೊಳಗೆ ಚದುರಿ, ಮಂಜಿನಲ್ಲಿ ಲಾಂದ್ರ ಹಿಡಿದಂತೆ ಸುತ್ತಲೂ ಬೆಳ್ಳಗಾಗಿ, ರಸ್ತೆಯೇ ಮಾಯ. ಆಗ ದೀಪವನ್ನೇ ದಿಟ್ಟಿಸಬಾರದು. ವೇಗ ಇಳಿಸಿ, ರಸ್ತೆಯ ಎಡ ಅಂಚಿನ ಮೇಲೆ ದೃಷ್ಟಿ ಇಡಬೇಕು. ಗೀಚು ಬಿದ್ದ ಹೆಲ್ಮೆಟ್ ಗಾಜು, ಮಳೆಯಲ್ಲಿ ಒರೆಸದ ಕನ್ನಡಕ, ರಾತ್ರಿಯಲ್ಲಿ ಹಾಕುವ ಬಣ್ಣದ ಕನ್ನಡಕ, ಇವೂ ಇದೇ ಕೇಡು ಮಾಡುತ್ತವೆ.

ಪಕ್ಕದ ನೋಟದ ಬಗ್ಗೆ ಜನ ಯೋಚಿಸುವುದೇ ಇಲ್ಲ. ಕಣ್ಣಿನ ಒತ್ತಡದ ಕಾಯಿಲೆ, ಡಾಕ್ಟರು ಗ್ಲಾಕೋಮ ಎನ್ನುತ್ತಾರಲ್ಲ, ಅದು ನೇರ ನೋಟವನ್ನು ಕೊನೆಗೆ ಬಿಟ್ಟು ಅಂಚಿನಿಂದ ತಿನ್ನುತ್ತಾ ಬರುತ್ತದೆ. ಇಂಥವನು ಫಲಕವನ್ನು ಸರಾಗವಾಗಿ ಓದುತ್ತಾನೆ, ಆದರೆ ತೋಟದ ದಾರಿಯಿಂದ ರಸ್ತೆಗೆ ಓಡಿಬಂದ ಕರು ಅವನಿಗೆ ಕಾಣುವುದಿಲ್ಲ. ಹೋದ ನೋಟ ಮರಳಿ ಬಾರದು. ಮೊದಲೇ ಗೊತ್ತಾದರೆ ಔಷಧದಿಂದ ಉಳಿದದ್ದನ್ನು ಕಾಯಬಹುದು. ಮನೆಯಲ್ಲಿ ನೋಡುವ ಕ್ರಮ ಹೀಗೆ: ಕಣ್ಣು ಚೆನ್ನಾಗಿರುವ ಒಬ್ಬರು ಎದುರಿಗೆ ಒಂದು ತೋಳಿನ ದೂರದಲ್ಲಿ ಕೂರಲಿ. ನೀವು ಬಲಗಣ್ಣು ಮುಚ್ಚಿದರೆ ಅವರು ಎಡಗಣ್ಣು ಮುಚ್ಚಲಿ. ಇಬ್ಬರೂ ಒಬ್ಬರ ಕಣ್ಣನ್ನೊಬ್ಬರು ನೋಡುತ್ತಿರುವಾಗ, ಅವರು ತಮ್ಮ ಬೆರಳನ್ನು ಅಲ್ಲಾಡಿಸುತ್ತಾ ಇಬ್ಬರ ನಡುವಿನಲ್ಲಿ ಹೊರಗಿನಿಂದ ಒಳಗೆ ತರಲಿ. ಅವರಿಗೆ ಕಂಡು ನಿಮಗೆ ಬಹಳ ತಡವಾಗಿ ಕಂಡರೆ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರು ಹೇಗೂ ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆ ತೋರಿಸಿಕೊಳ್ಳಲೇಬೇಕು.

ಇನ್ನೊಂದು ಸಂಗತಿ. ಕಣ್ಣು ಕಂಡದ್ದನ್ನೆಲ್ಲ ಮನಸ್ಸು ಕಾಣುವುದಿಲ್ಲ. ಮನೆಗೆ ಬಾರದ ದನ ಹುಡುಕಿ ಹೋದವನಿಗೆ ಎದುರು ಬಂದ ನೆಂಟನ ಮುಖ ಕಂಡಿರುವುದಿಲ್ಲ, ಹಾಗೆ. 1990ರ ದಶಕದಲ್ಲಿ ಅಮೆರಿಕದ ಅಲಬಾಮ ಪ್ರಾಂತ್ಯದಲ್ಲಿ ವಯಸ್ಸಾದ ಚಾಲಕರಿಗೆ ಒಂದು ಪರೀಕ್ಷೆ ಕೊಟ್ಟರು. ನಡುವೆ ಒಂದು ಚಿತ್ರ, ಅದೇ ಕ್ಷಣಕ್ಕೆ ಅಂಚಿನಲ್ಲಿ ಇನ್ನೊಂದು, ಮಿಂಚಿ ಮರೆಯಾಗುತ್ತದೆ. ಎರಡನ್ನೂ ಹೇಳಬೇಕು. ಗೋಡೆಯ ಅಕ್ಷರ ಚೆನ್ನಾಗಿ ಓದಿದವರಲ್ಲೂ ಎಷ್ಟೋ ಜನ ಇದರಲ್ಲಿ ಸೋತರು, ಹಾಗೆ ಸೋತವರೇ ಹೆಚ್ಚು ಅಪಘಾತ ಮಾಡಿಕೊಂಡಿದ್ದರು. ಮೊಬೈಲಿನಲ್ಲಿ ಅಡಿಕೆ ಧಾರಣೆ ಮಾತಾಡುತ್ತಾ ಹೋಗುವ ಹುಡುಗನೂ ಆ ಹೊತ್ತಿಗೆ ಸೋತವರ ಸಾಲಿನವನೇ.

ನಮ್ಮ ರಸ್ತೆಗಳಲ್ಲಿ ಕಣ್ಣು ಮೋಸಹೋಗುವ ಜಾಗ ಹೇಳುತ್ತೇನೆ. ರಾತ್ರಿ ಎದುರಿಗೆ ಒಂದೇ ದೀಪ ಬರುತ್ತದೆ. ಬೈಕು ಎಂದುಕೊಂಡು ಅಷ್ಟೇ ಜಾಗ ಬಿಡುತ್ತೇವೆ. ಹತ್ತಿರ ಬಂದಾಗ ಅದು ಒಂದು ದೀಪ ಕೆಟ್ಟ ಟ್ರ್ಯಾಕ್ಟರು, ಹಿಂದೆ ಅಗಲದ ಟ್ರೈಲರು! ಒಂಟಿ ದೀಪ ಕಂಡರೆ ದೊಡ್ಡ ಗಾಡಿಯೆಂದೇ ತಿಳಿದು ಎಡಕ್ಕೆ ಸರಿಯಿರಿ. ಟ್ರ್ಯಾಕ್ಟರಿನ ಯಜಮಾನರೇ, ಆ ಬಲ್ಬು ಹಾಕಿಸಿ. ಟ್ರೈಲರಿನ ಹಿಂದೆ ಕೆಂಪು ಹೊಳೆಪಟ್ಟಿ ಅಂಟಿಸಿ, ಹುಲ್ಲು ಜೋತುಬಿದ್ದು ಅದನ್ನು ಮುಚ್ಚದಂತೆ ಕಟ್ಟಿ. ಅಡ್ಡರಸ್ತೆ ಸೇರುವಲ್ಲಿ ಬೇರೆ ಮೋಸ. ಪಕ್ಕದಿಂದ ಬರುವ ಗಾಡಿ ನಮ್ಮ ನೋಟದಲ್ಲಿ ಒಂದೇ ಜಾಗದಲ್ಲಿ ನಿಂತಂತೆ ಕಂಡು ದೊಡ್ಡದಾಗುತ್ತಾ ಬಂದರೆ, ನಮಗೆ ಡಿಕ್ಕಿಯಾಗುವ ಗಾಡಿ ಅದೇ. ಸರಿಯದಿರುವ ವಸ್ತುವಿನ ಕಡೆ ಕಣ್ಣು ಹೋಗುವುದಿಲ್ಲ. ಟ್ರ್ಯಾಕ್ಟರಿನ ಮೇಲ್ಚಾವಣಿಯ ಕಂಬದ ಮರೆಗೆ ಅದು ಕೂತರಂತೂ ಕಾಣುವುದೇ ಇಲ್ಲ. ಕತ್ತು ಹೊರಳಿಸಿ, ಮೈ ಮುಂದಕ್ಕೆ ಬಾಗಿಸಿ, ಎರಡು ಸಲ ನೋಡಬೇಕು.

ಒಕ್ಕಲು ಕಾಲದಲ್ಲಿ ಭತ್ತದ ಮೊನೆ ಕಣ್ಣಿಗೆ ಚುಚ್ಚುವುದುಂಟು. ಎದೆಹಾಲು, ಸೊಪ್ಪಿನ ರಸ ಹಿಂಡಬೇಡಿ. ಹುಣ್ಣಾಗಿ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಉಳಿದರೆ ಆ ಕಣ್ಣಿನ ನೋಟ ಕೆಟ್ಟಂತೆ. ಅದೇ ದಿನ ಡಾಕ್ಟರಿಗೆ ತೋರಿಸಿ. ಜಾತ್ರೆಯಲ್ಲಿ ಕೊಂಡ ಚಾಳೀಸಿನ ಕನ್ನಡಕ ಪಹಣಿ ಓದಲಿಕ್ಕೆ ಸರಿ. ಹಾಕಿಕೊಂಡು ಗಾಡಿ ಹತ್ತಿದರೆ ದೂರದ್ದೆಲ್ಲ ಮಸುಕು.

ನಲವತ್ತು ದಾಟಿದವರು ಲೈಸೆನ್ಸಿಗೆ ಡಾಕ್ಟರ ಸರ್ಟಿಫಿಕೇಟು, ಅಂದರೆ ಫಾರಂ 1-ಎ ಕೊಡಬೇಕು. 2019ರ ತಿದ್ದುಪಡಿಯಂತೆ 55 ದಾಟಿದವರು ಐದು ವರ್ಷಕ್ಕೊಮ್ಮೆ ಲೈಸೆನ್ಸು ಹೊಸದು ಮಾಡಿಸಬೇಕು. ಸರ್ಟಿಫಿಕೇಟು ತರಲು ಮಗನನ್ನು ಕಳಿಸುವ ಮಹನೀಯರೂ ಉಂಟು! ಮಗನ ಕಣ್ಣಿನಿಂದ ಅಪ್ಪ ಗಾಡಿ ಓಡಿಸುವುದು ಹೇಗೋ ನಾನರಿಯೆ. ಐದು ವರ್ಷದವರೆಗೆ ಪೊರೆಯೇನೂ ಕಾಯುವುದಿಲ್ಲ, ನಡುವೆಯೂ ನೋಡಿಕೊಳ್ಳಿ.

ಪೊರೆಯ ಆಪರೇಷನ್ ಎಂದರೆ ಹೆದರುವ ಕಾಲ ಹೋಯಿತು. ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಶಿಬಿರ ಒಯ್ದು, ನಮ್ಮ ನಾಡಿನ ಲೆಕ್ಕವಿಲ್ಲದಷ್ಟು ಮುದುಕರಿಗೆ ಕಣ್ಣು ಕೊಟ್ಟರು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಆಗಿನ ಹಾಗೆ ದಪ್ಪ ಗಾಜಿನ ಕನ್ನಡಕ ಈಗ ಬೇಕಿಲ್ಲ, ಕಣ್ಣೊಳಗೇ ಮಸೂರ ಕೂರಿಸುತ್ತಾರೆ. ಅಲಬಾಮದವರೇ 2002ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು: ಪೊರೆ ತೆಗೆಸಿಕೊಂಡ ಚಾಲಕರ ಅಪಘಾತ, ತೆಗೆಸಿಕೊಳ್ಳದವರದಕ್ಕಿಂತ ಸುಮಾರು ಅರ್ಧದಷ್ಟು. ಮೊದಲು ಸೊರಬದ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ದೊಡ್ಡ ತಪಾಸಣೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಉಂಟು.

ಮಾವನನ್ನು ಒಪ್ಪಿಸಿದ್ದು ನಾನಲ್ಲ, ಅತ್ತೆ. "ನೀವು ಬರೋವರೆಗೂ ದಿನಾ ಬಾಗಿಲಲ್ಲಿ ನಿಲ್ಲೋಕೆ ನನ್ ಕೈಲಾಗಲ್ಲ" ಅಂದರು, ಅಷ್ಟೆ. ಬಲಗಣ್ಣಿನ ಪೊರೆ ತೆಗೆಸಿದ್ದಾಯಿತು. ಡಾಕ್ಟರು ಹೂಂ ಅನ್ನುವವರೆಗೆ ಬೈಕಿನ ಕೀಲಿಕೈ ಅತ್ತೆಯ ಅಕ್ಕಿ ಡಬ್ಬದಲ್ಲಿತ್ತು. ಆಮೇಲೆ ಅಂಗಳದಲ್ಲಿ ಮತ್ತೆ ಅಳೆದು ನಿಲ್ಲಿಸಿದೆವು. ಎಡಗಣ್ಣು ಮುಚ್ಚಿ ಫಲಕ ಪೂರ್ತಿ ಓದಿದರು. ಆದರೂ ಕತ್ತಲಾದ ಮೇಲೆ ಬೈಕು ಮುಟ್ಟುವುದಿಲ್ಲ, ಶಿರಾಳಕೊಪ್ಪಕ್ಕೆ ಬಸ್ಸಿನಲ್ಲೇ ಹೋಗುತ್ತಾರೆ. ಮೊನ್ನೆ ಹೋದಾಗ ನನ್ನನ್ನೇ ಅಂಗಳದಲ್ಲಿ ನಿಲ್ಲಿಸಿ, "ಈಗ ನೀನೊಂದು ಕಣ್ಣು ಮುಚ್ಕೊಳೋ, ನೋಡಾಣ" ಅಂದರು.