ವೇಗ ಮತ್ತು ನಿಗ್ರಹ: ಎರಡು ಮೋಟಾರು ಕಾರುಗಳ ತಾರತಮ್ಯ

ಓಡುವುದು ಒಂದು ವಿದ್ಯೆ. ಓಟವನ್ನು ಹಿಡಿತದಲ್ಲಿಡುವುದು ಇನ್ನೊಂದು ವಿದ್ಯೆ. ಮೋಟಾರು ಕಾರಿನ ಚರಿತ್ರೆಯಲ್ಲಿ ಇವೆರಡೂ ಒಂದೇ ಕಡೆ, ಒಂದೇ ಕಾಲಕ್ಕೆ ಪಕ್ವವಾದುವೆಂದು ಹೇಳುವಂತಿಲ್ಲ. ಜರ್ಮನಿಯ ಮರ್ಸಿಡಿಸ್-ಬೆನ್ಜ್ 300 ಎಸ್‌ಎಲ್ ಮತ್ತು ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್ ಕಾರುಗಳನ್ನು ಒಟ್ಟಿಗಿರಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಸಂಗ್ರಾಹಕರು ಇಂದು ಅತ್ಯಾದರದಿಂದ ಕಾಪಾಡುತ್ತಿರುವ ಹಳೆಯ ಕಾರುಗಳ ಸಾಲಿನಲ್ಲಿ ಇವೆರಡಕ್ಕೂ ಗೌರವದ ಸ್ಥಾನವುಂಟು.

300 ಎಸ್‌ಎಲ್ ಪಂದ್ಯದ ಕಾರಿನ ಸಂತಾನ. 1952ರಲ್ಲಿ ಫ್ರಾನ್ಸಿನ ಲ ಮಾನ್ ಪಟ್ಟಣದ 24 ಗಂಟೆಗಳ ಪಂದ್ಯವನ್ನು ಗೆದ್ದ ಕಾರಿನ ಮಾದರಿಯನ್ನು ಅನುಸರಿಸಿ ನಿರ್ಮಿತವಾದ ಇದು 1954ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಪ್ರಥಮತಃ ಪ್ರದರ್ಶಿತವಾಯಿತು. ಹಕ್ಕಿಯ ರೆಕ್ಕೆಗಳಂತೆ ಮೇಲಕ್ಕೆ ತೆರೆದುಕೊಳ್ಳುವ ಬಾಗಿಲುಗಳೇ ಅದರ ಹೆಗ್ಗುರುತು. ಇವು ಕೇವಲ ಅಲಂಕಾರವೆಂದು ನೋಡಿದವರು ಭಾವಿಸುವುದು ಸಹಜ. ವಸ್ತುತಃ ಅದು ಅನಿವಾರ್ಯತೆಯಿಂದ ಹುಟ್ಟಿದ ಚೆಲುವು. ಎಂಜಿನಿಯರ್ ರೂಡಾಲ್ಫ್ ಊಲೆನ್‌ಹೌಟ್ ಅವರು ತೂಕವನ್ನು ತಗ್ಗಿಸಲೆಂದು ಸಣ್ಣ ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಬೆಸೆದು ಪಂಜರವೊಂದನ್ನು ರಚಿಸಿದರು. ಆ ಪಂಜರವು ಎರಡು ಪಕ್ಕಗಳಲ್ಲಿಯೂ ಎತ್ತರಕ್ಕೆ ಬಂದುದರಿಂದ ಸಾಮಾನ್ಯ ಬಾಗಿಲಿಗೆ ಎಡೆಯೇ ಉಳಿಯಲಿಲ್ಲ. ಇದರ 3 ಲೀಟರಿನ, 6 ಸಿಲಿಂಡರುಗಳ ಎಂಜಿನಿನಲ್ಲಿ ಕಾರ್ಬ್ಯುರೇಟರು ಇಲ್ಲ. ಪಂಪಿನ ಮೂಲಕ ಪೆಟ್ರೋಲು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮುತ್ತದೆ.

ಆದರೆ ಇಷ್ಟು ವೇಗವನ್ನು ತಡೆಯಲು ಅದಕ್ಕಿದ್ದುದು ಹಳೆಯ ಡ್ರಮ್ ಬ್ರೇಕು. ಹಿಂದಿನ ಅಚ್ಚು ನಡುವೆ ಕೀಲುಳ್ಳದ್ದು. ತಿರುವಿನಲ್ಲಿ ಚಾಲಕನು ಥಟ್ಟನೆ ವೇಗ ತಗ್ಗಿಸಿದರೆ ಕಾರಿನ ಹಿಂಭಾಗ ಮೇಲೆದ್ದು, ಚಕ್ರಗಳು ಒಳಕ್ಕೆ ವಾಲಿ ನೆಲದ ಹಿಡಿತ ತಪ್ಪುತ್ತಿತ್ತು.

ಇ-ಟೈಪ್ ಬೆಳಕಿಗೆ ಬಂದುದು 1961ರ ಮಾರ್ಚಿನಲ್ಲಿ, ಜಿನೀವಾದಲ್ಲಿ. ಅದರ ಆಕಾರವನ್ನು ರೂಪಿಸಿದ ಮಾಲ್ಕಂ ಸೇಯರ್ ವಿಮಾನ ಕಾರ್ಖಾನೆಯಲ್ಲಿ ಪಳಗಿದವರು. ಗಾಳಿಯನ್ನು ಸೀಳುವ ರೇಖೆಗಳನ್ನು ಗಣಿತದಿಂದ ಸಾಧಿಸಿದವರು. ಅದರ 3.8 ಲೀಟರಿನ ಎಂಜಿನು ಮಾತ್ರ ಹೊಸದಲ್ಲ. ಮೂರು ಕಾರ್ಬ್ಯುರೇಟರುಗಳುಳ್ಳ ಹಳೆಯ ವಂಶದ್ದೇ. ಹೊಸತನವಿದ್ದುದು ನಿಗ್ರಹದಲ್ಲಿ: ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕು, ಒಂದು ಚಕ್ರ ಹಳ್ಳಕ್ಕಿಳಿದರೂ ಇನ್ನೊಂದನ್ನು ಕದಲಿಸದ ಹಿಂಬದಿಯ ಸಸ್ಪೆನ್ಷನ್.

ರೆಕ್ಕೆಬಾಗಿಲಿನ 300 ಎಸ್‌ಎಲ್ 1957ರ ವರೆಗೆ ನಿರ್ಮಾಣವಾದುದು 1400 ಮಾತ್ರ. ಇ-ಟೈಪ್ 1974ರ ವರೆಗೆ 72,000ಕ್ಕೂ ಮಿಕ್ಕಿ. ಆದುದರಿಂದ ಮೊದಲನೆಯದಕ್ಕೆ ಇಂದು ಹತ್ತು ಲಕ್ಷ ಡಾಲರಿಗೂ ಮೀರಿದ ಬೆಲೆ. ಎರಡನೆಯದು ಅದಕ್ಕಿಂತ ಬಹಳ ಅಗ್ಗ. ಬೆಲೆಯು ವಿರಳತೆಯನ್ನು ಅಳೆಯುತ್ತದೆಯೇ ಹೊರತು ಗುಣವನ್ನಲ್ಲ.

ಇವುಗಳನ್ನು ಎರಡು ರಾಷ್ಟ್ರಗಳ ಸ್ಪರ್ಧೆಯೆಂದಷ್ಟೇ ವರ್ಣಿಸುವುದು ರೂಢಿ. ಆದರೆ ಜರ್ಮನಿಯ ಊಲೆನ್‌ಹೌಟ್ ಹುಟ್ಟಿದುದು ಲಂಡನ್ನಿನಲ್ಲಿ, ಇಂಗ್ಲಿಷ್ ತಾಯಿಯ ಮಗನಾಗಿ. ಬಾಗಿಲನ್ನು ಬದಲಿಸಿ 1957ರಲ್ಲಿ ಹೊರತಂದ ತೆರೆದ 300 ಎಸ್‌ಎಲ್ ಕಾರಿನಲ್ಲಿ ಹಿಂದಿನ ಅಚ್ಚಿನ ದೋಷವನ್ನು ತಿದ್ದಲಾಯಿತು. ಇ-ಟೈಪ್ ಪ್ರಕಟವಾದ 1961ರಲ್ಲಿಯೇ ಅದಕ್ಕೆ ಡಿಸ್ಕ್ ಬ್ರೇಕುಗಳೂ ಬಂದುವು; ಅವು ಇಂಗ್ಲೆಂಡಿನ ಡನ್‌ಲಪ್ ಕಂಪನಿಯವು. ತನ್ನಲ್ಲಿಲ್ಲದ ವಿದ್ಯೆಯನ್ನು ಪ್ರತಿಸ್ಪರ್ಧಿಯ ನಾಡಿನಿಂದ ತರಿಸಿಕೊಳ್ಳಲು ಆ ಕಾರ್ಖಾನೆ ಹಿಂಜರಿಯಲಿಲ್ಲ. ಆ ಕಾರಿನ ಹಿರಿಮೆಯಲ್ಲಿ ಇದಕ್ಕೂ ಪಾಲುಂಟು.